ಬದುವಿನ ಮರದ ಜಮಾಖರ್ಚು

ಬದುವಿನ ಮೇಲಿರುವ ಗ್ಲಿರಿಸಿಡಿಯಾ ಗಿಡದ ಒಂದೇ ರೆಂಬೆಯಿಂದ ಎರಡು ಎಲೆ ತನ್ನಿ. ಒಂದು ಕಡುಹಸಿರಿನದು, ಇನ್ನೊಂದು ಹಳದಿಗೆ ತಿರುಗಿ ಮುಟ್ಟಿದರೆ ಉದುರುವಂಥ ಹಣ್ಣೆಲೆ. ಮಣ್ಣಿಗೆ ಬಿದ್ದರೆ ಎರಡೂ ಗೊಬ್ಬರವೇ ಎಂದು ನಾವು ಎಣಿಸುತ್ತೇವೆ. ಆದರೆ ಎಲೆ ಹಣ್ಣಾಗುವ ಹೊತ್ತಿಗೆ ಮರ ಅದರೊಳಗಿದ್ದ ಸಾರಜನಕ ಮತ್ತು ರಂಜಕದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ವಾಪಸು ಎಳೆದುಕೊಂಡು, ಮುಂದಿನ ಚಿಗುರಿಗೆಂದು ರೆಂಬೆಯಲ್ಲಿ, ಕಾಂಡದಲ್ಲಿ ಕೂಡಿಟ್ಟುಕೊಂಡಿರುತ್ತದೆ. ಎಲೆ ಹಳದಿಯಾಗುವುದೆಂದರೆ ಇದೇ. ಹಸಿರನ್ನು ಕಟ್ಟಿದ್ದ ಸಾಮಾನುಗಳನ್ನು ಬಿಚ್ಚಿ ಒಳಗೆ ಸಾಗಿಸಿಕೊಂಡ ಮೇಲೆ ಉಳಿದದ್ದು ಕೆಳಗೆ ಬೀಳುತ್ತದೆ. ಸುಣ್ಣದ ಅಂಶ ಮಾತ್ರ ಎಲೆಯ ಗೋಡೆಗಳಲ್ಲಿ ಗಟ್ಟಿಯಾಗಿ ಕೂತಿರುವುದರಿಂದ ಹಿಂದಕ್ಕೆ ಬರಲಾರದೆ ಎಲೆಯ ಜೊತೆಗೇ ಉದುರುತ್ತದೆ.

ಅಂದರೆ, ತಾನಾಗಿ ಉದುರಿದ ತರಗು ಮರ ತನಗೆ ಬೇಕಾದ್ದನ್ನು ತೆಗೆದುಕೊಂಡು ಬಿಟ್ಟದ್ದು. ನಾವು ಕತ್ತಿ ಹಿಡಿದು ಸವರಿದ ಹಸಿಸೊಪ್ಪು ಮರ ಇನ್ನೂ ಬಿಟ್ಟುಕೊಡಲು ಸಿದ್ಧವಿಲ್ಲದ್ದು. ಹೊಲದಲ್ಲಿ ಮರ ಬೆಳೆಸುವವರು ಈ ಒಂದು ವ್ಯತ್ಯಾಸವನ್ನು ಹಿಡಿದುಕೊಂಡರೆ ಉಳಿದ ಲೆಕ್ಕವೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮರ ಗೊಬ್ಬರದ ಕಾರ್ಖಾನೆ ಎಂಬ ಮಾತು ಸಭೆಗಳಲ್ಲಿ ಬಹಳ ಕೇಳುತ್ತದೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಮರ ಮುಖ್ಯವಾಗಿ ಒಬ್ಬ ಸಾಗಣೆದಾರ. ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಳಿಸುತ್ತದೆ. ನಿಜವಾಗಿ ಹೊಸದಾಗಿ ಹೊಲದೊಳಕ್ಕೆ ತರುವುದು ಸಾರಜನಕವೊಂದನ್ನೇ, ಅದೂ ಎಲ್ಲ ಮರಗಳಲ್ಲ.

ಗಾಳಿಯಿಂದ ಬರುವ ಆದಾಯ

ನಮ್ಮ ಸುತ್ತಲಿನ ಗಾಳಿಯಲ್ಲಿ ಶೇ. 78 ಸಾರಜನಕ. ರಾಗಿ ಪೈರು ಅದರಲ್ಲೇ ಮುಳುಗಿ ನಿಂತಿದ್ದರೂ ಒಂದು ಕಣವನ್ನೂ ನೇರವಾಗಿ ಬಳಸಲಾರದು. ಗಾಳಿಯ ಸಾರಜನಕದ ಎರಡು ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಆ ಹಿಡಿತ ಬಿಡಿಸುವ ಶಕ್ತಿ ಕೆಲವು ಬ್ಯಾಕ್ಟೀರಿಯಾಗಳಿಗೆ ಮಾತ್ರ ಇದೆ. ಅವುಗಳಲ್ಲಿ ರೈಜೋಬಿಯಂ ಗುಂಪಿನವು ದ್ವಿದಳ ಜಾತಿಯ ಬೇರುಗಳೊಳಗೆ ಸೇರಿ ಗಂಟು ಕಟ್ಟುತ್ತವೆ. ಮರ ಅವಕ್ಕೆ ಸಕ್ಕರೆ ಕೊಡುತ್ತದೆ, ಅವು ಮರಕ್ಕೆ ಸಾರಜನಕ ಕೊಡುತ್ತವೆ.

ಮಳೆ ಹಿಡಿದು ಮೂರು ನಾಲ್ಕು ವಾರವಾದ ಮೇಲೆ ಎಳೆಯ ಗಿಡದ ಬುಡದಲ್ಲಿ ಒಂದಿಷ್ಟು ಮಣ್ಣು ಬಿಡಿಸಿ ಸಣ್ಣ ಬೇರುಗಳನ್ನು ನೋಡಿ. ಗಂಟು ಸಿಕ್ಕಿದರೆ ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ. ನಮ್ಮ ರಕ್ತಕ್ಕೆ ಕೆಂಪು ಕೊಡುವ ವಸ್ತುವಿನ ಹತ್ತಿರದ ನಂಟಿನದೇ ಒಂದು ವಸ್ತು ಅಲ್ಲಿ ಆಮ್ಲಜನಕವನ್ನು ಹದಕ್ಕೆ ಇಟ್ಟಿರುತ್ತದೆ. ಬಿಳಿ, ಹಸಿರು ಅಥವಾ ಕಂದು ಕಂಡರೆ ಆ ಗಂಟು ಇನ್ನೂ ಶುರುವಾಗಿಲ್ಲ, ಇಲ್ಲವೇ ಮುಗಿದುಹೋಗಿದೆ. ಬೇಸಿಗೆಯಲ್ಲಿ ಅಗೆದು ಗಂಟಿಲ್ಲವೆಂದು ನಿರಾಶರಾಗಬೇಡಿ. ಒಣನೆಲದಲ್ಲಿ ಮರ ಗಂಟುಗಳನ್ನು ಕಳಚಿಬಿಡುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಊರೂರಲ್ಲಿದೆ. ಕಾಯಿ ಬಿಡುವ ದ್ವಿದಳ ಮರವೆಲ್ಲ ಸಾರಜನಕ ಹಿಡಿಯುತ್ತದೆ ಎಂದು. ಹುಣಸೆ ಹಿಡಿಯುವುದಿಲ್ಲ. ಕಕ್ಕೆ, ಸೀಮೆ ತಂಗಡಿ, ಗುಲ್‌ಮೊಹರ್ ಕೂಡ ಇಲ್ಲ. ಇವು ಅದೇ ಕುಲದವಾದರೂ ಬೇರುಗಂಟು ಕಟ್ಟದ ಶಾಖೆಗೆ ಸೇರಿದವು. ಹೊಂಗೆ, ಕರಿಜಾಲಿ, ಬನ್ನಿ, ಬಾಗೆ, ಅಗಸೆ, ಹಾಲುವಾಣ, ಸುಬಾಬುಲ್, ಗ್ಲಿರಿಸಿಡಿಯಾ ಇವೆಲ್ಲ ಗಂಟು ಕಟ್ಟುತ್ತವೆ. ಇನ್ನು ಸರ್ವೆ ಮರ ದ್ವಿದಳವೇ ಅಲ್ಲ. ಆದರೂ ಫ್ರಾಂಕಿಯಾ ಎಂಬ ಬೇರೊಂದು ಸೂಕ್ಷ್ಮಾಣುವಿನ ಜೊತೆ ಸೇರಿ ಇದೇ ಕೆಲಸ ಮಾಡುತ್ತದೆ. ಕರಾವಳಿಯ ಬರಿಯ ಮರಳಿನಲ್ಲಿ ಅದು ಸೊಂಪಾಗಿ ನಿಲ್ಲುವ ಗುಟ್ಟಿನಲ್ಲಿ ಇದಕ್ಕೂ ಪಾಲಿದೆ.

ಹಾಗೆಂದು ಹುಣಸೆಯನ್ನು ಕಡಿಯಬೇಕಿಲ್ಲ. ಹುಣಸೆ ಹಣ್ಣಿಗಾಗಿ ನಿಂತ ಮರ. ಅದರಿಂದ ಗೊಬ್ಬರ ನಿರೀಕ್ಷಿಸಬಾರದು, ಅಷ್ಟೇ.

ಗಂಟು ಕಟ್ಟುವ ಮರವೂ ತನ್ನ ಸಾರಜನಕವೆಲ್ಲವನ್ನೂ ಗಾಳಿಯಿಂದಲೇ ತರುವುದಿಲ್ಲ. ಮಣ್ಣಿನಲ್ಲಿ ಸುಲಭಕ್ಕೆ ಸಿಕ್ಕರೆ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ, ಏಕೆಂದರೆ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಕೊಟ್ಟು ಸಾಕುವುದು ಮರಕ್ಕೆ ದುಬಾರಿ. ಯೂರಿಯಾ ಧಾರಾಳವಾಗಿ ಬಿದ್ದ ಹೊಲದ ಪಕ್ಕದ ಮರ ಗಾಳಿಯ ಕಡೆ ಕೈಚಾಚುವುದು ಕಡಿಮೆ. ಇನ್ನೊಂದು ಸಂಗತಿ: ಗಿಡವನ್ನು ಬೋಳಿಸಿ ಸವರಿದಾಗ ಸಕ್ಕರೆ ಮಾಡುವ ಎಲೆಯೇ ಇಲ್ಲವಾಗಿ, ಬೇರುಗಂಟುಗಳಲ್ಲಿ ಬಹುಪಾಲು ಸಾಯುತ್ತವೆ. ಹೊಸ ಚಿಗುರು ಬಲಿತ ಮೇಲೆ ಮತ್ತೆ ಗಂಟು ಕಟ್ಟಬೇಕು. ತಿಂಗಳು ತಿಂಗಳಿಗೆ ಸವರಿದ ಗಿಡ ಸೊಪ್ಪು ಕೊಟ್ಟೀತು. ಆದರೆ ಆ ಸೊಪ್ಪಿನ ಸಾರಜನಕ ನಿಮ್ಮದೇ ಮಣ್ಣಿನದಾಗಿರುತ್ತದೆ. ಎರಡು ಸವರುವಿಕೆಯ ನಡುವೆ ಮೂರು ತಿಂಗಳಾದರೂ ಬಿಡಬೇಕೆನ್ನುವುದಕ್ಕೆ ಕಾರಣ ಇದು.

ಒಂದು ಎಕರೆಯ ಲೆಕ್ಕ

ಗ್ಲಿರಿಸಿಡಿಯಾ ಮೂಲತಃ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಗಿಡ. ಅಲ್ಲಿ ಕೋಕೋ ತೋಟಕ್ಕೆ ನೆರಳಾಗಿ ನೆಡುತ್ತಿದ್ದರಿಂದ ಸ್ಪ್ಯಾನಿಷ್ ಮಾತಿನಲ್ಲಿ ಅದಕ್ಕೆ 'ಕೋಕೋವಿನ ತಾಯಿ' ಎಂಬ ಹೆಸರು. ನಮ್ಮಲ್ಲಿ ಎಷ್ಟೋ ಊರುಗಳಲ್ಲಿ ಅದು ಬರೀ 'ಗೊಬ್ಬರದ ಗಿಡ'. ಗೂಟ ಊರಿದರೂ ಚಿಗುರುತ್ತದೆ, ದನ ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಎಷ್ಟು ಸವರಿದರೂ ಏಳುತ್ತದೆ. ಲೆಕ್ಕಕ್ಕೆ ಇದನ್ನೇ ಹಿಡಿಯೋಣ.

ಹಸಿಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರು. ಒಂದು ಟನ್ ಹಸಿಸೊಪ್ಪು ಒಣಗಿದರೆ ಸುಮಾರು 250 ಕೆ.ಜಿ. ಆ ಒಣತೂಕದಲ್ಲಿ ಸಾರಜನಕ ಶೇ. 3ರ ಮೇಲೆ. ಅಂದರೆ ಟನ್ನಿಗೆ ಏಳೂವರೆ ಕೆ.ಜಿ ಸಾರಜನಕ. 45 ಕೆ.ಜಿಯ ಯೂರಿಯಾ ಚೀಲದಲ್ಲಿ ಇರುವುದು ಸುಮಾರು 20.7 ಕೆ.ಜಿ. ಹೀಗೆ ಒಂದು ಟನ್ ಸೊಪ್ಪು ಸರಿಸುಮಾರು 16 ಕೆ.ಜಿ ಯೂರಿಯಾಕ್ಕೆ ಸಮ.

ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 250 ಮೀಟರ್. ಅರ್ಧ ಮೀಟರಿಗೊಂದರಂತೆ ಬದುವಿನ ಮೇಲೆ ನೆಟ್ಟರೆ 500 ಗಿಡ. ಮೂರನೇ ವರ್ಷದಿಂದ ಗಿಡವೊಂದಕ್ಕೆ ವರ್ಷಕ್ಕೆ 3 ಕೆ.ಜಿ ಹಸಿಸೊಪ್ಪು ಎಂದು ಹಿಡಿಯೋಣ. ಎರಡು ಸಲ ಸವರಿದರೆ ಇದು ಹೆಚ್ಚೇನೂ ಅಲ್ಲ. ಒಟ್ಟು ಒಂದೂವರೆ ಟನ್ ಸೊಪ್ಪು, 11 ಕೆ.ಜಿ ಸಾರಜನಕ. ಮಳೆಯಾಶ್ರಿತ ರಾಗಿಗೆ ಶಿಫಾರಸು ಮಾಡುವುದು ಹೆಕ್ಟೇರಿಗೆ 50 ಕೆ.ಜಿ, ಎಂದರೆ ಎಕರೆಗೆ 20 ಕೆ.ಜಿ. ಕಾಗದದ ಮೇಲೆ ಅರ್ಧಕ್ಕಿಂತ ಹೆಚ್ಚು ಬದುವಿನಿಂದಲೇ ಬಂತು.

ಆದರೆ ಸೊಪ್ಪು ಹಾಕಿದ ಕೂಡಲೇ ಅಷ್ಟೂ ಪೈರಿಗೆ ಸಿಗುವುದಿಲ್ಲ. ಮರದ ಸೊಪ್ಪಿನಲ್ಲಿರುವ ಸಾರಜನಕದಲ್ಲಿ ಮೊದಲ ಬೆಳೆ ಎತ್ತಿಕೊಳ್ಳುವುದು ಐದರಲ್ಲೊಂದು ಪಾಲಿನ ಆಸುಪಾಸು. ಬೇರೆ ಬೇರೆ ದೇಶಗಳ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡದ್ದು ಈ ಪ್ರಮಾಣವೇ. ಸ್ವಲ್ಪ ಗಾಳಿಗೆ ಹೋಗುತ್ತದೆ, ಸ್ವಲ್ಪ ನೀರಿನೊಡನೆ ಇಳಿಯುತ್ತದೆ, ದೊಡ್ಡ ಪಾಲು ಮಣ್ಣಿನ ಸಾವಯವ ಅಂಶದೊಳಗೆ ಸೇರಿ ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ. ಯೂರಿಯಾ ಕೂಡ ಪೂರ್ತಿ ಪೈರಿಗೆ ದಕ್ಕುವುದಿಲ್ಲ, ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯೇ. ಆದರೆ ದಕ್ಕದ ಯೂರಿಯಾ ಬಹುಪಾಲು ಹೊಲ ಬಿಟ್ಟು ಹೋಗುತ್ತದೆ, ದಕ್ಕದ ಸೊಪ್ಪು ಬಹುಪಾಲು ಹೊಲದಲ್ಲೇ ಉಳಿಯುತ್ತದೆ. ಹಾಗಾಗಿ ಮೊದಲ ವರ್ಷದ ಇಳುವರಿ ನೋಡಿ ಸೊಪ್ಪಿನ ಬೆಲೆ ಕಟ್ಟುವುದು ಅನ್ಯಾಯ. ಮೂರು ನಾಲ್ಕು ವರ್ಷ ತಪ್ಪದೆ ಹಾಕಿದ ನೆಲದಲ್ಲಿ ಹಳೆಯ ಸೊಪ್ಪಿನ ಕಂತುಗಳೂ ಕೂಡಿ ಬರುತ್ತಿರುತ್ತವೆ.

ಈಗ ರಂಜಕಕ್ಕೆ ಬನ್ನಿ. ನನ್ನ ಮಟ್ಟಿಗೆ ಇಡೀ ವಿಷಯದ ಇಕ್ಕಟ್ಟು ಇಲ್ಲಿದೆ. ಎಕರೆಗೆ ಹತ್ತು ಕ್ವಿಂಟಾಲ್ ರಾಗಿ ಬೆಳೆದು ಮನೆಗೆ ತಂದರೆ, ಕಾಳಿನ ಜೊತೆ ಎರಡೂವರೆಯಿಂದ ಮೂರು ಕೆ.ಜಿ ರಂಜಕ ಹೊಲ ಬಿಟ್ಟು ಹೊರಟಿತು. ರಾಗಿ ಯಾವುದಕ್ಕೆ ಹೆಸರಾಗಿದೆಯೋ ಆ ಕ್ಯಾಲ್ಸಿಯಂ ಮೂರು ಕೆ.ಜಿಗೂ ಮೇಲೆ. ಬದುವಿನ ಒಂದೂವರೆ ಟನ್ ಸೊಪ್ಪಿನಲ್ಲಿರುವ ರಂಜಕ ಮುಕ್ಕಾಲು ಕೆ.ಜಿ ಇದ್ದರೆ ಹೆಚ್ಚು. ಅದೂ ಗಾಳಿಯಿಂದ ಬಂದದ್ದಲ್ಲ, ಅದೇ ಬದುವಿನ, ಅದೇ ಹೊಲದ ಅಂಚಿನ ಮಣ್ಣಿನದು. ಬದುವಿನಿಂದ ಎತ್ತಿ ನಡುವಿಗೆ ಹಾಕಿದೆವು, ಹೊಸದೇನೂ ಸೇರಲಿಲ್ಲ. ವರ್ಷಗಟ್ಟಲೆ ಸೊಪ್ಪನ್ನೊಂದೇ ನಂಬಿದ ಹೊಲದಲ್ಲಿ ಸಾರಜನಕ ಸುಧಾರಿಸುತ್ತ, ರಂಜಕ ಸವೆಯುತ್ತ ಹೋಗುತ್ತದೆ. ನಮ್ಮ ಕೆಂಪು ನೆಲದಲ್ಲಿ ಇನ್ನೂ ತೊಡಕು. ಅಲ್ಲಿನ ಕಬ್ಬಿಣ, ಅಲ್ಯೂಮಿನಿಯಂ ಅಂಶಗಳು ಇರುವ ರಂಜಕವನ್ನೂ ಕಚ್ಚಿ ಹಿಡಿದಿರುತ್ತವೆ. ಬೇರುಗಂಟುಗಳಿಗೂ ರಂಜಕ ಬೇಕು, ಅದು ಕಡಿಮೆಯಾದರೆ ಸಾರಜನಕದ ಕೆಲಸವೂ ಕುಂಟುತ್ತದೆ. ಆದ್ದರಿಂದ ಕೊಟ್ಟಿಗೆ ಗೊಬ್ಬರ, ಕುರಿ ಮಂದೆ, ಶಿಲಾರಂಜಕ, ಇಲ್ಲವೇ ಅಂಗಡಿಯ ಗೊಬ್ಬರ, ಯಾವುದಾದರೂ ಒಂದು ದಾರಿಯಿಂದ ರಂಜಕ ಹೊರಗಿನಿಂದ ಬರಲೇಬೇಕು. 'ಮರ ನೆಟ್ಟರೆ ಸಾಕು, ಗೊಬ್ಬರ ಬೇಡ' ಎಂದು ಹೇಳುವವರು ರೈತರಿಗೆ ಪೂರ್ತಿ ಲೆಕ್ಕ ಕೊಡುತ್ತಿಲ್ಲ.

ಆಳದಿಂದ ಎತ್ತುವುದು, ಪಕ್ಕದಿಂದ ಎಳೆಯುವುದು

ಮರ ಆಳದಿಂದ ಪೋಷಕಾಂಶ ಮೇಲೆತ್ತುತ್ತದೆ ಎಂಬ ಮಾತೂ ಪ್ರಸಿದ್ಧ. ಅದು ನಿಜವಾದ ಜಾಗಗಳಿವೆ. ಪಶ್ಚಿಮ ಕೀನ್ಯಾದ ಕೆಂಪು ನೆಲದಲ್ಲಿ ಮೆಕ್ಕೆಜೋಳದ ಬೇರಿಗೆ ಎಟುಕದ ಆಳದಲ್ಲಿ ನೈಟ್ರೇಟ್ ರೂಪದ ಸಾರಜನಕ ಇಳಿದು ಕೂತಿತ್ತು. ಅಲ್ಲಿ ಸೆಸ್ಬೇನಿಯಾ ಗಿಡ ಬೆಳೆಸಿದಾಗ ಅದರ ಬೇರು ಕೆಳಗಿಳಿದು ಆ ಸಾರಜನಕವನ್ನು ಹೀರಿದ್ದನ್ನು 1990ರ ದಶಕದಲ್ಲಿ ಅಳೆದು ತೋರಿಸಿದರು. ಇದು ನಡೆಯಬೇಕಾದರೆ ಎರಡು ಶರತ್ತು: ಬೇರು ಇಳಿಯುವಷ್ಟು ಮಣ್ಣು ಇರಬೇಕು, ಇಳಿದ ಕಡೆ ಏನಾದರೂ ಇರಬೇಕು. ಎರಡಡಿಗೆ ಬಂಡೆ ಸಿಗುವ ಕಡೆ, ಜಂಬಿಟ್ಟಿಗೆಯ ಗಟ್ಟಿಪದರ ಇರುವ ಕಡೆ ಈ ಆಸೆ ಇಟ್ಟುಕೊಳ್ಳುವಂತಿಲ್ಲ.

ಗಿಡ ಹೇಗೆ ಹುಟ್ಟಿತು ಎಂಬುದೂ ಇಲ್ಲಿ ಮುಖ್ಯ. ಬೀಜದಿಂದ ಎದ್ದ ಗ್ಲಿರಿಸಿಡಿಯಾ ತಾಯಿಬೇರು ಇಳಿಸುತ್ತದೆ. ಗೂಟದಿಂದ ಎದ್ದದ್ದರ ಬೇರುಗಳು ಮೇಲ್ಮಣ್ಣಿನಲ್ಲೇ ಹರಡುತ್ತವೆ, ಅಂದರೆ ರಾಗಿಯ ತಟ್ಟೆಗೇ ಕೈ ಹಾಕುತ್ತವೆ. ಗೂಟ ಊರುವುದು ಬೇಗ, ಸುಲಭ. ಬೇಲಿಗೆ ಅದೇ ಸರಿ. ಪೈರಿನ ಮಗ್ಗುಲಲ್ಲಿ ಇರಬೇಕಾದ ಗಿಡಕ್ಕೆ ಮಾತ್ರ ಬೀಜದ ಸಸಿಯೇ ಆಗಬೇಕೆಂದು ನಾನು ಹೇಳುತ್ತೇನೆ, ಒಂದು ವರ್ಷ ತಡವಾದರೂ ಚಿಂತೆಯಿಲ್ಲ.

ಹೊಲದ ನಡುವಿನ ಹಳೆಯ ಹೊಂಗೆ ಮರದ ಕೆಳಗಿನ ಮಣ್ಣು ಕಪ್ಪಗೆ, ಮೆತ್ತಗೆ ಇರುವುದನ್ನು ಎಲ್ಲರೂ ನೋಡಿದ್ದಾರೆ. ಅದನ್ನು ನೋಡಿ ಮರ ನೆಲವನ್ನು ಶ್ರೀಮಂತ ಮಾಡಿತು ಎನ್ನುತ್ತೇವೆ. ಅರ್ಧ ನಿಜ. ಅಲ್ಲಿ ಬಿದ್ದ ಎಲೆಯ ಸುಣ್ಣ, ಪೊಟ್ಯಾಷ್ ಹತ್ತು ಹದಿನೈದು ಮೀಟರ್ ದೂರದ ಮಣ್ಣಿನಿಂದ ಬೇರು ಎಳೆದು ತಂದದ್ದೂ ಆಗಿರಬಹುದು. ರೆಂಬೆಯ ಮೇಲಿನ ಹಕ್ಕಿಗಳ ಹಿಕ್ಕೆ, ಮಧ್ಯಾಹ್ನ ನೆರಳಿಗೆ ಬಂದು ಮಲಗಿದ ದನಗಳ ಸಗಣಿ ಗಂಜಲ, ಗಾಳಿ ಹೊತ್ತುತಂದ ಧೂಳು ಎಲ್ಲ ಅಲ್ಲಿ ಸೇರಿವೆ. ಒಂದೆಡೆ ಕೂಡಿದ್ದು ಇನ್ನೊಂದೆಡೆ ಕಳೆದದ್ದೂ ಹೌದು.

ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ

ಈ ಸಾಗಣೆಯ ಲೆಕ್ಕವನ್ನು ವಿಜ್ಞಾನದ ಮಾತಿಲ್ಲದೆ ಕಂಡುಕೊಂಡವರು ನಮ್ಮ ಮಲೆನಾಡಿನವರು. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಗರಿಷ್ಠ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ಬಂದಿದೆ. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಕೂಡ ಇದೇ ಬಗೆಯ ಏರ್ಪಾಡುಗಳು. ಒಂದು ಎಕರೆ ತೋಟ ಸುಮ್ಮನೆ ಒಂದು ಎಕರೆಯಲ್ಲ, ಅದರ ಬೆನ್ನಿಗೆ ಅದಕ್ಕಿಂತ ಎಷ್ಟೋ ಪಟ್ಟು ಮರಗಳ ನೆಲ ಬೇಕೆಂದು ಕಂದಾಯದ ದಾಖಲೆಯೇ ಒಪ್ಪಿಕೊಂಡ ಹಾಗಾಯಿತು.

ಅಲ್ಲಿನ ಕ್ರಮ ನೋಡಿ. ಮಳೆಗಾಲದಲ್ಲಿ ಬೆಟ್ಟದ ಹಸಿಸೊಪ್ಪು ಕಡಿದು, ಬೇಸಿಗೆಯಲ್ಲಿ ದರಗು, ಎಂದರೆ ಉದುರಿದ ತರಗು, ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಾರೆ. ದನದ ಗಂಜಲದಲ್ಲಿ ಸಾರಜನಕ ಧಾರಾಳ, ಆದರೆ ಬರಿನೆಲಕ್ಕೆ ಬಿದ್ದರೆ ಅದು ಗಂಟೆಗಳಲ್ಲಿ ಅಮೋನಿಯಾ ಆಗಿ ಹಾರತೊಡಗುತ್ತದೆ. ಕೊಟ್ಟಿಗೆಯ ಮೂಗಿಗೆ ಹೊಡೆಯುವ ವಾಸನೆ ಅದೇ. ದರಗಿನಲ್ಲಿ ಸಾರಜನಕ ಕಡಿಮೆ, ಇಂಗಾಲ ಜಾಸ್ತಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಮೈ ಕಟ್ಟಿಕೊಳ್ಳಲು ಸಾರಜನಕಕ್ಕೆ ಬಾಯಿಬಿಡುತ್ತಿರುತ್ತವೆ. ಗಂಜಲ ಅಲ್ಲಿ ಇಂಗಿದ ಕೂಡಲೇ ಹಿಡಿದುಕೊಳ್ಳುತ್ತವೆ. ಹೊಲಕ್ಕೆ ನೇರ ಹಾಕಿದ್ದರೆ ಪೈರಿನ ಪಾಲನ್ನೇ ಕಸಿಯುತ್ತಿದ್ದ ಬಡ ದರಗು ಕೊಟ್ಟಿಗೆಯಲ್ಲಿ ಕಾವಲುಗಾರನಾಗುತ್ತದೆ. ಮೊದಲು ಹೇಳಿದ ಹಸಿರೆಲೆ, ಹಣ್ಣೆಲೆಗಳ ವ್ಯತ್ಯಾಸಕ್ಕೆ ಇಷ್ಟು ಚೆನ್ನಾದ ಉಪಯೋಗವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಒಂಬತ್ತು ಎಕರೆ ವರ್ಷವೂ ಕೊಡುತ್ತ ಬಂದದ್ದಕ್ಕೆ ಬೆಟ್ಟಕ್ಕೆ ಮರಳಿ ಹೋದದ್ದೇನು? ಸೊಪ್ಪು ವಿಪರೀತ ಕಡಿದ, ದರಗು ಒಂದೆಲೆ ಬಿಡದೆ ಗುಡಿಸಿದ ಬೆಟ್ಟಗಳು ಬೋಳಾಗಿ ಕರಡದ ಹುಲ್ಲು ಮಾತ್ರ ನಿಂತದ್ದನ್ನು ಆ ಸೀಮೆಯವರು ಬಲ್ಲರು. ಸರದಿಯಂತೆ ಒಂದೊಂದು ಭಾಗ ಬಿಟ್ಟು ಕಡಿದವರ ಬೆಟ್ಟ ಉಳಿದಿದೆ.

ಯಾವ ಎಲೆ ಬೇಗ ಕರಗುತ್ತದೆ

ಎಲೆಯೊಂದು ಕರಗುವ ವೇಗವನ್ನು ಮೂರು ಸಂಗತಿ ನಿರ್ಧರಿಸುತ್ತವೆ: ಅದರ ಸಾರಜನಕ, ಅದರ ನಾರು, ಅದರ ಒಗರು. ಒಣತೂಕದಲ್ಲಿ ಸಾರಜನಕ ಶೇ. 2.5ಕ್ಕಿಂತ ಹೆಚ್ಚಿದ್ದು, ಮರಗಟ್ಟಿಸುವ ಲಿಗ್ನಿನ್ ಶೇ. 15ಕ್ಕಿಂತ ಮತ್ತು ಒಗರು ಕೊಡುವ ಪಾಲಿಫಿನಾಲ್‌ಗಳು ಶೇ. 4ಕ್ಕಿಂತ ಕಡಿಮೆಯಿದ್ದರೆ ಆ ಸೊಪ್ಪನ್ನು ನೇರವಾಗಿ ಮಣ್ಣಿಗೆ ಸೇರಿಸಬಹುದು. ಸಾರಜನಕ ಇದ್ದೂ ಒಗರು ಅಥವಾ ನಾರು ಜಾಸ್ತಿಯಿದ್ದರೆ ಬೇರೆ ಗೊಬ್ಬರದ ಜೊತೆ ಬೆರೆಸಬೇಕು, ಇಲ್ಲವೇ ತಿಪ್ಪೆಗೆ ಹಾಕಬೇಕು. ಸಾರಜನಕವೂ ಕಡಿಮೆ, ನಾರೂ ಜಾಸ್ತಿ ಎನ್ನುವಂಥದ್ದು ನೆಲದ ಮೇಲೆ ಮುಚ್ಚಿಗೆಗೆ ಮಾತ್ರ.

ಪ್ರಯೋಗಾಲಯ ಬೇಕಿಲ್ಲ. ಎಲೆ ಹಸಿರೋ ಹಳದಿಯೋ ನೋಡಿ. ಒಣಗಿಸಿ ಅಂಗೈಯಲ್ಲಿ ಉಜ್ಜಿ: ಪುಡಿಯಾದರೆ ನಾರು ಕಡಿಮೆ, ಚರ್ಮದ ಹಾಗೆ ಬಾಗಿದರೆ ಜಾಸ್ತಿ. ಒಗರನ್ನು ನಾಲಗೆಯಿಂದಲೂ ತಿಳಿಯಬಹುದು, ಆದರೆ ಗುರುತಿಲ್ಲದ ಸೊಪ್ಪನ್ನು ಬಾಯಿಗೆ ಹಾಕಬೇಡಿ. ಗ್ಲಿರಿಸಿಡಿಯಾ ಎಂಬ ಹೆಸರಿನ ಅರ್ಥವೇ ಇಲಿಯನ್ನು ಕೊಲ್ಲುವುದು ಎಂದು. ಅದರ ಸೊಪ್ಪು ಹದವಾದ ಮಣ್ಣಿನಲ್ಲಿ ಮೂರು ನಾಲ್ಕು ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿರುತ್ತದೆ. ಸಿಲ್ವರ್ ಓಕ್‌ನ ಎಲೆ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ.

ಕಾಫಿ ತೋಟದವರಿಗೆ ಇದು ದಿನನಿತ್ಯದ ವಿಷಯ. ಮರಗಸಿಯಲ್ಲಿ ಹಾಲುವಾಣದ ರೆಂಬೆ ಸವರಿ ಕೆಡವಿದರೆ ಎಲೆ ಕಣ್ಣೆದುರೇ ಕರಗಿ ಹೋಗುತ್ತದೆ. ಹಾಲುವಾಣ ತೆಗೆದು ಮೆಣಸಿನ ಬಳ್ಳಿಗೂ ಮರಕ್ಕೂ ಆಯಿತೆಂದು ಸಾಲು ಸಾಲು ಸಿಲ್ವರ್ ಓಕ್ ನೆಟ್ಟ ಕಡೆ ನೆಲ ತುಂಬ ತರಗಿದೆ, ಪೋಷಕಾಂಶದ ತಿರುಗಣಿ ಮಾತ್ರ ನಿಧಾನ. ಆ ತರಗು ವ್ಯರ್ಥವೆಂದು ನಾನು ಹೇಳುವುದಿಲ್ಲ. ಇಳಿಜಾರಿನಲ್ಲಿ ಜಡಿಮಳೆಯ ಹೊಡೆತದಿಂದ ಮಣ್ಣನ್ನು ಕಾಯುವುದು ಬೇಗ ಕರಗದ ಎಲೆಯೇ. ಉಣಿಸುವ ಎಲೆ, ಹೊದಿಸುವ ಎಲೆ ಎರಡೂ ಬೇಕು. ಅತ್ತಿ, ಹಲಸು, ಹಾಲುವಾಣ, ನಂದಿ ಬೆರೆತ ಹಳೆಯ ನೆರಳಿನಲ್ಲಿ ಎರಡೂ ಇದ್ದವು.

ಎಲೆಯೊಳಗಿನ ವಸ್ತುಗಳೂ ಒಂದೇ ಸಮ ಹೊರಬರುವುದಿಲ್ಲ. ಪೊಟ್ಯಾಷ್ ಎಲೆಯ ರಸದಲ್ಲಿ ಬಿಡಿಯಾಗಿ ಇರುವುದರಿಂದ ಎರಡು ಒಳ್ಳೆಯ ಮಳೆಗೇ ತೊಳೆದು ಇಳಿಯುತ್ತದೆ. ಆಮೇಲೆ ಸಾರಜನಕ, ರಂಜಕ. ಸುಣ್ಣ ಕೊನೆಗೆ.

ನೀರಿನ ಜಗಳ

1970ರ ದಶಕದಿಂದ ನೈಜೀರಿಯಾದ ಇಬಾದಾನ್‌ನಲ್ಲಿ ಸಂಶೋಧಕರು ಸುಬಾಬುಲ್ಲಿನಂಥ ಮರಗಳನ್ನು ಸಾಲಾಗಿ ನೆಟ್ಟು, ಸಾಲುಗಳ ನಡುವಿನ ಓಣಿಯಲ್ಲಿ ಮೆಕ್ಕೆಜೋಳ ಬೆಳೆದರು. ಮರ ಸವರಿ ಓಣಿಗೆ ಹಾಕುವುದು. ಅಲ್ಲಿ ವರ್ಷಕ್ಕೆ 1,200 ಮಿ.ಮೀ.ಗೂ ಮೇಲೆ ಮಳೆ, ಫಲಿತಾಂಶ ಚೆನ್ನಾಗಿತ್ತು. ಆ ಉತ್ಸಾಹದಲ್ಲಿ ಅದೇ ಕ್ರಮವನ್ನು ಸುಮಾರು 800 ಮಿ.ಮೀ ಮಳೆಯ ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ, ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಹೊಲಗಳಲ್ಲಿ ಪರೀಕ್ಷಿಸಿದಾಗ ಸುಬಾಬುಲ್ ಬೇರುಗಳು ಪೈರಿನ ನೀರನ್ನೇ ಕುಡಿದವು. ಸಾಲಿಗೆ ಹತ್ತಿರದ ಪೈರು ಸೊರಗಿತು. ಸೊಪ್ಪಿನಿಂದ ಬಂದ ಲಾಭ ನೀರಿನ ನಷ್ಟದಲ್ಲಿ ಕರಗಿಹೋಯಿತು.

ತುಮಕೂರು ಕಡೆಯ ಬಯಲುಸೀಮೆಯಲ್ಲಿ ಮಳೆ 600–700 ಮಿ.ಮೀ. ಹಾಗಾಗಿ ಇಲ್ಲಿ ಹೊಲದ ನಡುವೆ ಮರದ ಸಾಲು ಹಾಕುವುದಕ್ಕಿಂತ ಬದುವೇ ಮರದ ಜಾಗ. ಬದುವಿಗೂ ಮೊದಲ ಸಾಲಿಗೂ ನಡುವೆ ಎರಡಡಿ ಆಳದ ಕಾಲುವೆ ತೋಡಿ, ಹೊಲದ ಕಡೆ ಚಾಚಿದ ಬೇರು ಕಡಿದರೆ ಜಗಳ ಇನ್ನೂ ಕಡಿಮೆಯಾಗುತ್ತದೆ. ಆ ಕಾಲುವೆ ಮಳೆನೀರನ್ನೂ ಹಿಡಿಯುತ್ತದೆ. ಆಫ್ರಿಕಾದ ಸಹೇಲ್ ಸೀಮೆಯಲ್ಲಿ ಫೈದರ್ಬಿಯಾ ಎಂಬ ಜಾಲಿಯ ಬಂಧು ಮರ ಈ ಜಗಳವನ್ನು ತಾನೇ ತೀರಿಸಿಕೊಂಡಿದೆ. ಅದು ಮಳೆಗಾಲದ ಆರಂಭಕ್ಕೆ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಹಸಿರಾಗಿರುತ್ತದೆ. ಅದರ ಬುಡದಲ್ಲೇ ಸಜ್ಜೆ ಚೆನ್ನಾಗಿ ಬರುತ್ತದೆ. ನಮ್ಮ ಮರಗಳಿಗೆ ಆ ಬುದ್ಧಿ ಇಲ್ಲವಾದ್ದರಿಂದ ಬಿತ್ತನೆಗೆ ಮುಂಚೆ ಸವರುವ ನಮ್ಮ ಕತ್ತಿಯೇ ಆ ಕೆಲಸ ಮಾಡಬೇಕು.

ದಕ್ಷಿಣ ಮಲಾವಿಯ ಮಕೋಕಾದಲ್ಲಿ 1990ರ ದಶಕದ ಆರಂಭದಿಂದ ಗ್ಲಿರಿಸಿಡಿಯಾ ಮತ್ತು ಮೆಕ್ಕೆಜೋಳವನ್ನು ಒಂದೇ ಹೊಲದಲ್ಲಿ ಬೆಳೆದ ದೀರ್ಘಕಾಲದ ಪ್ರಯೋಗದ ಜೀವಾಳವೂ ಕತ್ತಿಯೇ. ಗಿಡವನ್ನು ಗಿಡ್ಡಕ್ಕೆ ಕತ್ತರಿಸಿ ಇಟ್ಟು, ಪೈರು ಎಳೆಯದಿರುವಾಗ ಅದಕ್ಕೆ ನೆರಳಾಗದಂತೆ ನೋಡಿಕೊಂಡರು. ಪೈರು ಕಟಾವಾದ ಒಣತಿಂಗಳುಗಳಲ್ಲಿ ಗಿಡಕ್ಕೆ ತನ್ನಿಷ್ಟದಂತೆ ಬೆಳೆಯಲು ಬಿಟ್ಟರು.

ಯಾವಾಗ ಸವರಬೇಕು

ಸೊಪ್ಪು ಕರಗುವ ಹೊತ್ತು, ಪೈರು ಕೇಳುವ ಹೊತ್ತು ಹೊಂದಬೇಕು. ರಾಗಿ ತೆಂಡೆ ಒಡೆಯುವ ಕಾಲದಲ್ಲಿ, ಬಿತ್ತಿ ತಿಂಗಳಿಂದ ಒಂದೂವರೆ ತಿಂಗಳವರೆಗೆ, ಅದಕ್ಕೆ ಸಾರಜನಕದ ಹಸಿವು ಹೆಚ್ಚು. ಹದವಾದ ಮಣ್ಣಿಗೆ ಗ್ಲಿರಿಸಿಡಿಯಾ ಸೊಪ್ಪು ಸೇರಿಸಿದ ಮೂರು ನಾಲ್ಕು ವಾರದಲ್ಲಿ ಸಾರಜನಕದ ದೊಡ್ಡ ಕಂತು ಬಿಡುಗಡೆಯಾಗುತ್ತದೆ. ಆದ್ದರಿಂದ ಮೊದಲ ಸೊಪ್ಪು ಬಿತ್ತನೆಗೆ ಹತ್ತು ಹದಿನೈದು ದಿನ ಮುಂಚೆ ಉಳುಮೆಯಲ್ಲಿ ಸೇರಲಿ. ಜುಲೈ ಕೊನೆಗೆ ಬಿತ್ತುವವರು ಮೇ ತಿಂಗಳ ಮಳೆಗೇ ಸೊಪ್ಪು ಹಾಕಿ ಉತ್ತರೆ ಪೈರು ಬರುವ ಹೊತ್ತಿಗೆ ಸಾರಜನಕ ನೀರಿನೊಡನೆ ಕೆಳಗಿಳಿದಿರುತ್ತದೆ. ಒಣಮಣ್ಣಿಗೆ ಹಾಕಿದರೆ ಅದು ಕರಗುವುದೇ ಇಲ್ಲ.

ಸೊಪ್ಪನ್ನು ಮೇಲೆ ಹರಡಿ ಬಿಡುವುದಕ್ಕಿಂತ ಮಣ್ಣಿನಲ್ಲಿ ಮುಚ್ಚುವುದು ಮೇಲು. ಮೇಲೆ ಬಿದ್ದದ್ದರಿಂದ ಸಾರಜನಕ ಗಾಳಿಗೆ ಹೆಚ್ಚು ಹಾರುತ್ತದೆ. ಎರಡನೇ ಸೊಪ್ಪು ಸೆಪ್ಟೆಂಬರ್ ಹೊತ್ತಿಗೆ ಸಿಗುತ್ತದೆ. ಆಗ ಸಾಲಿನ ನಡುವೆ ಮುಚ್ಚಿಗೆಯಾಗಿ ಹಾಕುವುದೇ ದಾರಿ, ಆಗ ಅದರ ಮುಖ್ಯ ಕೆಲಸ ತೇವ ಕಾಯುವುದು.

ಹೊಂಗೆಯದು ಬೇರೆ ಕ್ರಮ. ಯುಗಾದಿಯ ಆಸುಪಾಸಿನ ಹೊಸ ಎಲೆ ಬಲಿತ ಮೇಲೆ ಸೊಪ್ಪು ಕಡಿಯಬಹುದು. ಆದರೆ ಕಡಿದ ರೆಂಬೆಯಲ್ಲಿ ಆ ವರ್ಷ ಕಾಯಿ ಇರದು. ಕಾಯಿಯಿಂದ ಎಣ್ಣೆ, ಹಿಂಡಿ, ಹಿಂಡಿಯಲ್ಲಿ ಶೇ. 4ರಷ್ಟು ಸಾರಜನಕ, ಜೊತೆಗೆ ಮಣ್ಣಿನಲ್ಲಿ ಸಾರಜನಕ ನೈಟ್ರೇಟ್ ಆಗಿ ಇಳಿದುಹೋಗುವುದನ್ನು ನಿಧಾನಿಸುವ ಕರಂಜಿನ್ ಎಂಬ ವಸ್ತು. ಸೊಪ್ಪೋ ಕಾಯೋ ಎಂದು ಮರಮರಕ್ಕೂ ಮೊದಲೇ ತೀರ್ಮಾನಿಸಬೇಕು. 'ಬಹೂಪಯೋಗಿ ಮರ' ಎಂಬ ಹೆಸರಿನಲ್ಲಿ ಇದೇ ಎಡವಟ್ಟು. ಒಂದೇ ಎಲೆ ಮೇವೂ ಆಗಿ, ಗೊಬ್ಬರವೂ ಆಗಿ, ನೆರಳಾಗಿಯೂ ಉಳಿಯಲಾರದು. ದನಕ್ಕೆ ಹಾಕಿದರೆ ಅದರ ಸಗಣಿ ಗಂಜಲ ಹೊಲಕ್ಕೆ ಬರಬೇಕು, ಆಗ ಮಾತ್ರ ಸುತ್ತು ಪೂರ್ಣವಾಗುತ್ತದೆ. ಸೌದೆ ಒಯ್ಯುವುದಕ್ಕೆ ಚಿಂತೆಯಿಲ್ಲ. ಮರದ ತಿರುಳಿನಲ್ಲಿ ಪೋಷಕಾಂಶ ಅಲ್ಪ. ಎಲೆ, ಎಳೆರೆಂಬೆ, ತೊಗಟೆ ಮಾತ್ರ ಹೊಲದಲ್ಲೇ ಉಳಿಯಲಿ. ಮರ ಮಾರುವವರು ತೊಗಟೆಯನ್ನು ಜಾಗದಲ್ಲೇ ಸುಲಿದು ಬಿಟ್ಟರೆ ಗಣನೀಯ ಸುಣ್ಣ ಉಳಿಯುತ್ತದೆ.

ಸಸಿ ನೆಟ್ಟ ಮೊದಲ ವರ್ಷ ಕತ್ತಿ ಮುಟ್ಟಿಸಬೇಡಿ. ಆ ವರ್ಷ ಅದು ಬೇರಿನಲ್ಲಿ ಬಂಡವಾಳ ಕೂಡಿಡುವ ವರ್ಷ. ಸವರಿದ ಮೇಲೆ ಎಲೆಯಿಲ್ಲದ ಬುಡ ಮತ್ತೆ ಚಿಗುರುವುದು ಆ ಬಂಡವಾಳದಿಂದ. ಒಂದೂವರೆ ಎರಡು ವರ್ಷದ ಮೇಲೆ, ಹೆಬ್ಬೆರಳಿಗಿಂತ ದಪ್ಪವಾದ ಕಾಂಡವನ್ನು ನೆಲದಿಂದ ಎರಡು ಮೂರಡಿ ಬಿಟ್ಟು, ಹರಿತವಾದ ಕತ್ತಿಯಿಂದ ಓರೆಯಾಗಿ ಒಂದೇ ಏಟಿಗೆ ಕತ್ತರಿಸಿ. ಸೀಳಿದ ತುದಿಯಲ್ಲಿ ನೀರು ನಿಂತು ಕೊಳೆ ಬರುತ್ತದೆ.

ಸೊಪ್ಪು ಹಾಕಲು ಶುರುಮಾಡುವ ವರ್ಷ ಹೊಲದಲ್ಲಿ ಒಂದು ಪಟ್ಟಿಯನ್ನು, ಹತ್ತು ಹೆಜ್ಜೆ ಅಗಲದ್ದು ಸಾಕು, ಸೊಪ್ಪಿಲ್ಲದೆ ಬಿಡಿ. ಬೀಜ, ಬಿತ್ತನೆ, ಕಳೆ ಎಲ್ಲ ಒಂದೇ ಥರ ಇರಲಿ. ಕೊಯ್ಲಿನಲ್ಲಿ ಆ ಪಟ್ಟಿಯ ತೆನೆಯನ್ನೂ, ಪಕ್ಕದ ಅಷ್ಟೇ ಅಗಲದ ಪಟ್ಟಿಯ ತೆನೆಯನ್ನೂ ಬೇರೆ ಬೇರೆ ಬಡಿದು ತೂಗಿ ಬರೆದಿಡಿ. ನಾಲ್ಕು ವರ್ಷ ಅದೇ ಪಟ್ಟಿಯನ್ನು ಹಾಗೇ ಇಟ್ಟು ತೂಗುತ್ತ ಹೋಗಿ.